ಮುಟ್ಟದೆ ತೆರೆಯುವ ಬೀಗ

ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ಮೆಟ್ರೊ ನಿಲ್ದಾಣದಲ್ಲಿ ಐದು ನಿಮಿಷ ನಿಂತು ನೋಡಿ. ಜನ ಸಾಲಾಗಿ ಬರುತ್ತಾರೆ. ಒಬ್ಬರು ಕಾರ್ಡನ್ನು ಕೈಯಲ್ಲೇ ಹಿಡಿದಿರುತ್ತಾರೆ. ಇನ್ನೊಬ್ಬರು ಪರ್ಸು ತೆರೆಯುವ ಗೋಜಿಗೇ ಹೋಗದೆ ಅದನ್ನು ಹಾಗೆಯೇ ಗೇಟಿಗೆ ಒಮ್ಮೆ ತೋರಿಸುತ್ತಾರೆ. ಸಣ್ಣ ಸದ್ದೊಂದು ಕೇಳಿಸುತ್ತದೆ, ಗೇಟು ತೆರೆದುಕೊಳ್ಳುತ್ತದೆ. ಕಚೇರಿಗೆ ಹೋದರೆ ಕೊರಳಲ್ಲಿ ನೇತಾಡುವ ಮತ್ತೊಂದು ಕಾರ್ಡು ಅಲ್ಲಿನ ಬಾಗಿಲು ತೆರೆಯುತ್ತದೆ. ಸಂಜೆ ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡನ್ನು ಯಂತ್ರದ ಹತ್ತಿರ ಹಿಡಿದರೆ ಸಾಕು, ದುಡ್ಡು ಸಂದಾಯವಾಗುತ್ತದೆ. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಬೀಗದಕೈ ಗೊಂಚಲಿನ ಜಾಗಕ್ಕೆ ಈ ಮೂರು ಪ್ಲಾಸ್ಟಿಕ್ ಚೂರುಗಳು ಬಂದು ಕೂತಿವೆ.

ಅಜ್ಜಿಯ ಗೊಂಚಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಜ್ಜಿಯ ಬೀಗದಕೈ ಬೇಕಾದರೆ ಕಳ್ಳ ಅದಕ್ಕೆ ಕೈ ಹಾಕಲೇಬೇಕಿತ್ತು. ಹಾಕಿದರೆ ಅಜ್ಜಿಗೆ ಗೊತ್ತಾಗುತ್ತಿತ್ತು. ಪರ್ಸಿನೊಳಗಿರುವ ಕಾರ್ಡನ್ನು ಮೆಟ್ರೊ ಗೇಟು ಮುಟ್ಟದೆಯೇ ಓದಬಲ್ಲುದಾದರೆ, ನೂಕುನುಗ್ಗಲಿನಲ್ಲಿ ನಮ್ಮ ಬೆನ್ನಿಗೆ ಅಂಟಿಕೊಂಡು ನಿಂತ ಅಪರಿಚಿತನೂ ಓದಬಹುದಲ್ಲವೇ?

ಈ ಅನುಮಾನ ಹುಚ್ಚುತನದ್ದಲ್ಲ. ಇದಕ್ಕೆ ಉತ್ತರ ಹುಡುಕಿಕೊಂಡು ಹೊರಟರೆ ಸಿಗುವ ಕಥೆ ಬರಿಯ ವಿದ್ಯುತ್ತಿನ ಕಥೆಯೂ ಅಲ್ಲ. ಬೀಗ ದುರ್ಬಲವೆಂದು ಗೊತ್ತಾದಾಗ ಅದನ್ನು ಯಾರು ಯಾರಿಗೆ ಹೇಳಬೇಕು ಎಂಬ ಹಳೆಯ ಜಗಳವೊಂದು ಅದರೊಳಗೆ ಅಡಗಿದೆ. ಆ ಜಗಳದ ಮೊದಲ ಅಂಕ ನಡೆದದ್ದು ಇಂಥ ಕಾರ್ಡುಗಳು ಹುಟ್ಟುವುದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲು, ಲಂಡನ್ನಿನ ಒಂದು ಬೀಗದ ಅಂಗಡಿಯ ಕಿಟಕಿಯಲ್ಲಿ.

ಇನ್ನೂರು ಗಿನಿಯ ಸವಾಲು

ಜೋಸೆಫ್ ಬ್ರಾಮಾ ಎಂಬ ಕುಶಲಕರ್ಮಿ ಲಂಡನ್ನಿನ ಪಿಕಾಡಿಲಿ ಬೀದಿಯಲ್ಲಿ ಬೀಗದ ಅಂಗಡಿ ಇಟ್ಟಿದ್ದ. 1790ರ ಸುಮಾರಿಗೆ ಆತ ತಾನು ಮಾಡಿದ ಬೀಗವೊಂದನ್ನು ಕಿಟಕಿಯಲ್ಲಿ ಇರಿಸಿ, ಕೀಲಿಯಿಲ್ಲದೆ ಇದನ್ನು ತೆರೆಯುವ ಉಪಕರಣ ಮಾಡಿ ತಂದವರಿಗೆ ಇನ್ನೂರು ಗಿನಿ ಬಹುಮಾನ ಎಂದು ಬರೆಸಿ ಹಾಕಿದ. ಬ್ರಾಮಾ ತೀರಿಕೊಂಡ, ಅವನ ಮಕ್ಕಳ ಕಾಲ ಬಂತು. ಬೀಗ ಮಾತ್ರ ಅರವತ್ತು ವರ್ಷ ಅಲ್ಲೇ ಇತ್ತು. ಒಬ್ಬರಿಂದಲೂ ಅದನ್ನು ತೆರೆಯಲಾಗಲಿಲ್ಲ. ಅದೇ ಊರಿನ ಚಬ್ ಕಂಪೆನಿಯ ಬೀಗಕ್ಕೂ ಅಂಥದೇ ಹೆಸರು. ಕಳ್ಳ ಕೈಯಾಡಿಸಿದರೆ ಒಳಗಿನ ಸನ್ನೆಯೊಂದು ಸಿಕ್ಕಿಕೊಂಡು ಯಜಮಾನನಿಗೆ ಸುಳಿವು ಕೊಡುವಂಥ ಏರ್ಪಾಡು ಅದರಲ್ಲಿತ್ತು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗದ ವ್ಯಾಪಾರಿ ಬಂದ. ಜುಲೈ ತಿಂಗಳಲ್ಲಿ ಸಾಕ್ಷಿಗಳ ಎದುರು ಕೂತು ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದ. ಬಳಿಕ ಬ್ರಾಮಾ ಬೀಗಕ್ಕೆ ಕೈ ಹಚ್ಚಿದ. ಅದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಹದಿನಾರು ದಿನಗಳಲ್ಲಿ ಬಿಡಿಬಿಡಿಯಾಗಿ ಒಟ್ಟು 51 ಗಂಟೆ ಕೂತ ಮೇಲೆ ಅದೂ ತೆರೆಯಿತು. ಇನ್ನೂರು ಗಿನಿ ಹಾಬ್ಸನ ಪಾಲಾಯಿತು.

ಲಂಡನ್ನಿನ ಪತ್ರಿಕೆಗಳಲ್ಲಿ ಗಲಾಟೆಯೋ ಗಲಾಟೆ. ಬ್ಯಾಂಕುಗಳೂ ಸಾಹುಕಾರರೂ ಈ ಬೀಗಗಳನ್ನೇ ನಂಬಿ ಕೂತಿದ್ದರು. ಹಾಬ್ಸ್ ಮಾಡಿದ್ದು ತಪ್ಪು, ಕಳ್ಳರಿಗೆ ವಿದ್ಯೆ ಕಲಿಸಿಕೊಟ್ಟಂತಾಯಿತು ಎಂದು ಹಲವರು ಬೈದರು. ಹಾಬ್ಸನ ಉತ್ತರ ಅವನ ಹೆಸರಿನಲ್ಲಿ 1853ರಲ್ಲಿ ಹೊರಬಂದ ಬೀಗಶಾಸ್ತ್ರದ ಪುಸ್ತಕದಲ್ಲಿ ಸಿಗುತ್ತದೆ. ಅದರ ಸಾರ ಇಷ್ಟು: ಕಳ್ಳರು ತಮ್ಮ ಕಸುಬಿನಲ್ಲಿ ಪಳಗಿದವರು, ನಾವು ಕಲಿಸಬೇಕಾದುದಕ್ಕಿಂತ ಹೆಚ್ಚು ಅವರಿಗೆ ಮೊದಲೇ ಗೊತ್ತು. ಬೀಗ ಗಟ್ಟಿಯಿಲ್ಲವೆಂಬ ಸಂಗತಿ ಗೊತ್ತಿಲ್ಲದಿರುವುದು ಅದನ್ನು ಕೊಂಡ ಪ್ರಾಮಾಣಿಕನಿಗೆ ಮಾತ್ರ.

ಇದಾದ ಮೂರು ದಶಕಗಳ ಮೇಲೆ ಇದೇ ಮಾತು ಇನ್ನೊಂದು ರೂಪದಲ್ಲಿ ಬಂತು. ಡಚ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ ಪ್ಯಾರಿಸಿನಲ್ಲಿ ಜರ್ಮನ್ ಭಾಷೆಯ ಅಧ್ಯಾಪಕನಾಗಿದ್ದ. ಸೈನ್ಯದ ಗೂಢಲಿಪಿಗಳನ್ನು ಕುರಿತು 1883ರಲ್ಲಿ ಆತ ಬರೆದ ಲೇಖನ ಒಂದು ಸೂತ್ರವನ್ನು ಮಂಡಿಸಿತು. ಗೂಢಲಿಪಿಯ ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಅಪಾಯವಾಗಬಾರದು, ಗುಟ್ಟಾಗಿ ಇಡಬೇಕಾದದ್ದು ಕೀಲಿಯನ್ನು ಮಾತ್ರ ಎಂಬುದು ಆ ಸೂತ್ರ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮುಚ್ಚಿಟ್ಟು ಅದೇ ಭದ್ರತೆ ಎಂದುಕೊಳ್ಳುವುದು, ನಮ್ಮ ಗಾದೆಯ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬ್ಯಾಟರಿಯಿಲ್ಲದೆ ಮಾತಾಡುವ ವಸ್ತು

ಈಗ ನಮ್ಮ ಕಾರ್ಡಿಗೆ ಬರೋಣ. ಅದರಲ್ಲಿ ಬ್ಯಾಟರಿ ಇಲ್ಲ. ಹಾಗಿದ್ದೂ ಗೇಟಿನ ಹತ್ತಿರ ಹೋದೊಡನೆ ಅದಕ್ಕೆ ಜೀವ ಬರುವುದು ಹೇಗೆ? ಇದರ ಮೂಲ ತತ್ತ್ವವನ್ನು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ. ತಂತಿಯ ಒಂದು ಸುರುಳಿಯಲ್ಲಿ ವಿದ್ಯುತ್ತು ಏರಿಳಿದರೆ, ಪಕ್ಕದಲ್ಲಿ ಅದನ್ನು ಮುಟ್ಟದೆ ಇರುವ ಇನ್ನೊಂದು ಸುರುಳಿಯಲ್ಲೂ ವಿದ್ಯುತ್ತು ಹುಟ್ಟುತ್ತದೆ. ಮೆಟ್ರೊ ಗೇಟಿನ ತಟ್ಟೆಯ ಕೆಳಗೆ ಒಂದು ಸುರುಳಿ ಇದೆ. ಕಾರ್ಡಿನ ಅಂಚಿನ ಸುತ್ತ, ಪ್ಲಾಸ್ಟಿಕ್ಕಿನ ಪದರಗಳ ನಡುವೆ, ಕೂದಲೆಳೆಯಂಥ ಇನ್ನೊಂದು ಸುರುಳಿ ಇದೆ. ಗೇಟಿನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಬಾರಿ ಆಚೀಚೆ ತೂಗುತ್ತದೆ. ಹತ್ತಿರ ಬಂದ ಕಾರ್ಡು ಅದರಿಂದಲೇ ಶಕ್ತಿ ಹೀರಿಕೊಂಡು, ತನ್ನೊಳಗಿನ ಸಾಸಿವೆ ಗಾತ್ರದ ಚಿಪ್ಪನ್ನು ಎಬ್ಬಿಸಿ, ಉತ್ತರ ಕೊಡುತ್ತದೆ. ಅಂತರ ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದರೆ ಸಾಮಾನ್ಯವಾಗಿ ಈ ಸಂಭಾಷಣೆ ನಿಂತುಹೋಗುತ್ತದೆ.

ಹೊರಗಿನ ಅಲೆಯಿಂದಲೇ ಬದುಕುವ ಇಂಥ ವಸ್ತುವಿನಿಂದ ಎಂಥ ಅಪಾಯ ಬರಬಹುದು ಎಂಬುದಕ್ಕೆ ಇತಿಹಾಸದಲ್ಲಿ ಸೊಗಸಾದ ಒಂದು ನಿದರ್ಶನವಿದೆ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಲಾಂಛನವನ್ನು ಕಾಣಿಕೆಯಾಗಿ ಕೊಟ್ಟರು. ರಾಯಭಾರಿಯ ನಿವಾಸದ ಗೋಡೆಯ ಮೇಲೆ ಅದು ಏಳು ವರ್ಷ ತೂಗಿತು. ಅದರೊಳಗೆ ಲೆವ್ ಥೆರೆಮಿನ್ ಎಂಬ ರಷ್ಯನ್ ವಿಜ್ಞಾನಿ ರೂಪಿಸಿದ ಒಂದು ಉಪಕರಣವಿತ್ತು. ಮುಟ್ಟದೆ ನುಡಿಸುವ ಸಂಗೀತವಾದ್ಯವೊಂದನ್ನು ಕಂಡುಹಿಡಿದು ಹೆಸರಾಗಿದ್ದವನೂ ಇವನೇ. ಉಪಕರಣದಲ್ಲಿ ಬ್ಯಾಟರಿ ಇರಲಿಲ್ಲ, ತಂತಿಯ ಸಂಪರ್ಕವೂ ಇರಲಿಲ್ಲ. ಹೊರಗಿನಿಂದ ರೇಡಿಯೊ ಅಲೆಯನ್ನು ಅದರತ್ತ ಹಾಯಿಸಿದರೆ ಕೋಣೆಯ ಮಾತುಗಳೆಲ್ಲ ಅದರ ಮೂಲಕ ಹೊರಬೀಳುತ್ತಿದ್ದವು. 1952ರಲ್ಲಷ್ಟೇ ಅದು ಸಿಕ್ಕಿಬಿತ್ತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಲಾಂಛನ ರಾಯಭಾರಿಯದು, ಗೋಡೆಯೂ ರಾಯಭಾರಿಯದು. ಆದರೆ ಅದು ಯಾವಾಗ ಮಾತಾಡುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಲೆ ಹಾಯಿಸಿದವರಿಗೆ ಅದು ಉತ್ತರ ಕೊಡುತ್ತಿತ್ತು. ನಮ್ಮ ಜೇಬಿನ ಕಾರ್ಡಿನ ಸ್ವಭಾವವೂ ಇದೇ. ಕೇಳುವವನು ಯಾರು ಎಂದು ವಿಚಾರಿಸಿಕೊಳ್ಳುವ ಬುದ್ಧಿಯನ್ನು ನಾವು ಅದಕ್ಕೆ ಕಲಿಸಿರದಿದ್ದರೆ, ಕೇಳಿದವರಿಗೆಲ್ಲ ಅದು ಬಾಯಿ ಬಿಡುತ್ತದೆ.

ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಪೇಟೆಂಟ್ ಪಡೆದ ಬಾಗಿಲಿನ ಕಾರ್ಡು ಅಂಥ ಬುದ್ಧಿಯಿಲ್ಲದ್ದು. ತನ್ನ ಗುರುತಿನ ಸಂಖ್ಯೆಯನ್ನು ಹೇಳುವುದಷ್ಟೇ ಅದರ ಕೆಲಸ. ಕಡಿಮೆ ಕಂಪನಾಂಕದಲ್ಲಿ ಕೆಲಸ ಮಾಡುವ ಹಳೆಯ ಮಾದರಿಯ ಕಚೇರಿ ಕಾರ್ಡುಗಳಲ್ಲಿ ಬಹುಪಾಲು ಇಂದಿಗೂ ಇದೇ ಜಾತಿಯವು. ಅವುಗಳ ಸಂಖ್ಯೆಯನ್ನು ಒಮ್ಮೆ ಕೇಳಿಸಿಕೊಂಡವನು ಖಾಲಿ ಕಾರ್ಡೊಂದಕ್ಕೆ ಅದನ್ನೇ ಬರೆದು ಬಾಗಿಲು ತೆರೆಯಬಲ್ಲ.

ಮುಚ್ಚಿಟ್ಟ ಬೀಗ

ಈ ಕೊರತೆಯನ್ನು ನೀಗಲು 1994ರಲ್ಲಿ ಆಸ್ಟ್ರಿಯಾದ ಮೈಕ್ರಾನ್ ಎಂಬ ಸಂಸ್ಥೆ ಮೈಫೇರ್ ಎಂಬ ಕಾರ್ಡನ್ನು ಹೊರತಂದಿತು. ಮುಂದೆ ಅದು ಫಿಲಿಪ್ಸ್ ಕಂಪೆನಿಯ ಕೈಗೆ ಬಂತು. 2006ರಲ್ಲಿ ಫಿಲಿಪ್ಸ್‌ನಿಂದ ಬೇರೆಯಾದ ಎನ್‌ಎಕ್ಸ್‌ಪಿ ಕಂಪೆನಿ ಅದರ ಒಡೆಯನಾಯಿತು. ಈ ಕಾರ್ಡು ಕೇಳಿದವರಿಗೆಲ್ಲ ಬಾಯಿ ಬಿಡುವುದಿಲ್ಲ. ಗೇಟು ಅದಕ್ಕೊಂದು ಪ್ರಶ್ನೆ ಕೇಳುತ್ತದೆ, ಅದೂ ಗೇಟಿಗೆ ಒಂದು ಪ್ರಶ್ನೆ ಹಾಕುತ್ತದೆ. ಇಬ್ಬರಿಗೂ ಒಂದೇ ರಹಸ್ಯ ಕೀಲಿ ಗೊತ್ತಿದ್ದರೆ ಮಾತ್ರ ಉತ್ತರಗಳು ಸರಿಹೊಂದುತ್ತವೆ. ಕೀಲಿ ಬಾಯಿಂದ ಹೊರಗೆ ಬರುವುದೇ ಇಲ್ಲ.

ಯೋಜನೆ ಚೆನ್ನಾಗಿಯೇ ಇತ್ತು. ಕಾರ್ಡು ಅಗ್ಗ. 1996ರಲ್ಲಿ ಕೊರಿಯಾದ ಸೋಲ್ ನಗರದ ಬಸ್ಸುಗಳಲ್ಲಿ, 2003ರಲ್ಲಿ ಲಂಡನ್ನಿನ ಆಯಿಸ್ಟರ್ ಕಾರ್ಡಿನಲ್ಲಿ, ಆಮೇಲೆ ಬಾಸ್ಟನ್ನಿನ ರೈಲುಗಳಲ್ಲಿ, ನೆದರ್ಲೆಂಡ್ಸಿನ ರಾಷ್ಟ್ರೀಯ ಸಾರಿಗೆ ಕಾರ್ಡಿನಲ್ಲಿ ಈ ಚಿಪ್ಪೇ ಬಳಕೆಗೆ ಬಂತು. ಸರ್ಕಾರಿ ಕಟ್ಟಡಗಳ ಬಾಗಿಲುಗಳಿಗೂ ಅದೇ. ಮಾರಾಟವಾದ ಕಾರ್ಡುಗಳ ಸಂಖ್ಯೆ ನೂರು ಕೋಟಿ ಮುಟ್ಟಿತು.

ಆದರೆ ಪ್ರಶ್ನೆಯಿಂದ ಉತ್ತರವನ್ನು ಹೆಣೆಯುವ ಲೆಕ್ಕದ ವಿಧಾನ ಏನೆಂಬುದನ್ನು ಕಂಪೆನಿ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಕ್ರಿಪ್ಟೊ-1 ಎಂದು ಹೆಸರು. ಹೊರಗಿನ ಗಣಿತಜ್ಞರು ಅದನ್ನು ಪರೀಕ್ಷಿಸಿರಲಿಲ್ಲ. ಹದಿಮೂರು ವರ್ಷ ಈ ಬೀಗ ಪಿಕಾಡಿಲಿಯ ಕಿಟಕಿಯಲ್ಲಿ ಅಲ್ಲ, ಮುಸುಕಿನೊಳಗೆ ಇತ್ತು. ಬ್ರಾಮಾ ತನ್ನ ಬೀಗವನ್ನು ತೆರೆಯಿರಿ ಎಂದು ಊರಿಗೆಲ್ಲ ಕರೆ ಕೊಟ್ಟಿದ್ದ. ಇವರು ಒಳಗೆ ಇಣುಕಬೇಡಿ ಎಂದರು. ಕೆರ್ಕ್‌ಹಾಫ್ಸನ ಸೂತ್ರವನ್ನು ಮರೆತದ್ದು ಇಲ್ಲೇ.

ಮುಸುಕು ಸರಿದದ್ದು 2007ರ ಡಿಸೆಂಬರ್‌ನಲ್ಲಿ. ಕಾರ್ಸ್ಟೆನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಎಂಬ ಯುವ ಸಂಶೋಧಕರು ಬರ್ಲಿನ್ ನಗರದ ಒಂದು ಸಮ್ಮೇಳನದಲ್ಲಿ ತಾವು ಮಾಡಿದ್ದನ್ನು ವಿವರಿಸಿದರು. ಅವರು ಕಾರ್ಡನ್ನು ಕರಗಿಸಿ ಚಿಪ್ಪನ್ನು ಹೊರತೆಗೆದಿದ್ದರು. ಅದನ್ನು ಪದರ ಪದರವಾಗಿ ಉಜ್ಜುತ್ತ, ಪ್ರತಿ ಪದರವನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ಫೋಟೊ ತೆಗೆದಿದ್ದರು. ಸಾವಿರಾರು ಪುಟ್ಟ ವಿದ್ಯುತ್ ಮಂಡಲಗಳ ಆ ಚಿತ್ರದಲ್ಲಿ ಗುಟ್ಟಿನ ಲೆಕ್ಕವನ್ನು ನಡೆಸುವ ಮೂಲೆ ಯಾವುದೆಂದು ಹುಡುಕಿದ್ದರು.

ಸಿಕ್ಕಿದ್ದು ನಿರಾಶಾದಾಯಕವಾಗಿತ್ತು. ಕೀಲಿಯ ಉದ್ದ 48 ಬಿಟ್. ಎಂದರೆ 281 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು, ಆದರೆ ಕಂಪ್ಯೂಟರಿಗೆ ಅದು ದಾಟಲಾಗದ ಬೆಟ್ಟವಲ್ಲ. ಅದಕ್ಕಿಂತ ಹೀನವಾದದ್ದು ಕಾರ್ಡು ಕೇಳುವ ಪ್ರಶ್ನೆ. ಪ್ರತಿ ಬಾರಿಯೂ ಊಹಿಸಲಾಗದ ಹೊಸ ಸಂಖ್ಯೆಯೊಂದು ಬರಬೇಕಿತ್ತು. ಇಲ್ಲಿ ಬರಬಹುದಾದ ಸಂಖ್ಯೆಗಳು 65 ಸಾವಿರ ಚಿಲ್ಲರೆ ಮಾತ್ರ. ಅದರಲ್ಲೂ ಯಾವುದು ಬರುತ್ತದೆ ಎಂಬುದು ಕಾರ್ಡಿಗೆ ವಿದ್ಯುತ್ತು ಬಂದು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಿಂತಿತ್ತು. ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತದೆಂದು ಮೊದಲೇ ಗೊತ್ತಿದ್ದ ಹಾಗಾಯಿತು.

ನ್ಯಾಯಾಲಯದ ಮೆಟ್ಟಿಲು

2008ರ ಮಾರ್ಚ್‌ನಲ್ಲಿ ನೆದರ್ಲೆಂಡ್ಸಿನ ನೈಮೇಗನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾರ್ಡಿನ ತದ್ರೂಪನ್ನು ಮಾಡಿ ಬಾಗಿಲು ತೆರೆಯಬಹುದೆಂದು ಅವರು ಕಂಡುಕೊಂಡರು. ಪ್ರೊಫೆಸರ್ ಬಾರ್ಟ್ ಯಾಕೊಬ್ಸ್ ಅವರ ಈ ತಂಡ ಮೊದಲು ಪತ್ರಿಕೆಗಳಿಗೆ ಹೋಗಲಿಲ್ಲ. ಸರ್ಕಾರಕ್ಕೆ ತಿಳಿಸಿತು. ಡಚ್ ಸರ್ಕಾರದ ಕಟ್ಟಡಗಳಲ್ಲೇ ಈ ಕಾರ್ಡುಗಳು ಬಳಕೆಯಲ್ಲಿದ್ದುದರಿಂದ ಗೃಹ ಸಚಿವೆ ಸಂಸತ್ತಿಗೆ ವಿಷಯ ತಿಳಿಸಬೇಕಾಯಿತು. ವಿವರಗಳ ಪ್ರಬಂಧವನ್ನು ಅಕ್ಟೋಬರ್‌ನಲ್ಲಿ ಸ್ಪೇನ್ ದೇಶದ ಸಮ್ಮೇಳನವೊಂದರಲ್ಲಿ ಮಂಡಿಸುವುದೆಂದು ಸಂಶೋಧಕರು ನಿಶ್ಚಯಿಸಿದರು. ನಡುವೆ ಏಳು ತಿಂಗಳ ಕಾಲಾವಕಾಶ ಇತ್ತು.

ಎನ್‌ಎಕ್ಸ್‌ಪಿ ನ್ಯಾಯಾಲಯಕ್ಕೆ ಹೋಯಿತು. ಪ್ರಬಂಧ ಪ್ರಕಟವಾದರೆ ಕೋಟ್ಯಂತರ ಕಾರ್ಡುಗಳು ಅಪಾಯಕ್ಕೆ ಈಡಾಗುತ್ತವೆ, ಅದನ್ನು ತಡೆಯಬೇಕು ಎಂಬುದು ಅದರ ವಾದ. ಈ ವಾದವನ್ನು ತಳ್ಳಿಹಾಕುವ ಮೊದಲು ಅದರಲ್ಲಿ ಹುರುಳಿದೆ ಎಂಬುದನ್ನೂ ಒಪ್ಪಬೇಕು. ಲಕ್ಷಾಂತರ ಗೇಟುಗಳನ್ನೂ ಕೋಟ್ಯಂತರ ಕಾರ್ಡುಗಳನ್ನೂ ಏಳು ತಿಂಗಳಲ್ಲಿ ಬದಲಿಸಲು ಯಾವ ಊರಿಗೂ ಆಗದು.

ಆರ್ನೆಮ್ ನಗರದ ನ್ಯಾಯಾಲಯ 2008ರ ಜುಲೈ 18ರಂದು ತಡೆಯಾಜ್ಞೆ ನಿರಾಕರಿಸಿತು. ಸಂಶೋಧನೆಯ ಫಲವನ್ನು ಪ್ರಕಟಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು. ಕಂಪೆನಿಗೆ ನಷ್ಟವಾದರೆ ಅದರ ಕಾರಣ ಪ್ರಬಂಧವಲ್ಲ, ಕೊರತೆಯಿರುವ ಚಿಪ್ಪನ್ನು ತಯಾರಿಸಿ ಮಾರಿದ್ದು ಎಂಬುದು ತೀರ್ಪಿನ ಸಾರ. ಹಾಬ್ಸನನ್ನು ಬೈದವರಿಗೆ ನೂರೈವತ್ತೇಳು ವರ್ಷಗಳ ಮೇಲೆ ಸಿಕ್ಕ ಉತ್ತರ ಇದೆನ್ನಬಹುದು. ಪ್ರಬಂಧ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಗೇಟಿನೊಂದಿಗೆ ಒಂದೆರಡು ಬಾರಿ ಮಾತುಕತೆ ನಡೆಸಿ, ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಸೆಕೆಂಡಿನೊಳಗೆ ಕೀಲಿಯನ್ನು ಲೆಕ್ಕ ಹಾಕಬಹುದೆಂದು ಅದರಲ್ಲಿತ್ತು.

ಅದೇ ಬೇಸಿಗೆಯಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇದೇ ನಾಟಕದ ಪ್ರಹಸನ ರೂಪ ನಡೆಯಿತು. ಎಂಐಟಿಯ ಮೂವರು ವಿದ್ಯಾರ್ಥಿಗಳು ಅಲ್ಲಿನ ಸಾರಿಗೆ ಕಾರ್ಡುಗಳ ದೌರ್ಬಲ್ಯವನ್ನು ಕುರಿತು ಆಗಸ್ಟ್‌ನಲ್ಲಿ ಭಾಷಣ ಮಾಡುವವರಿದ್ದರು. ಸಾರಿಗೆ ಸಂಸ್ಥೆ ಆಗಸ್ಟ್ 9ರಂದು ತಡೆಯಾಜ್ಞೆ ತಂದಿತು. ಆದರೆ ಭಾಷಣದ ಚಿತ್ರಪಟಗಳು ಸಮ್ಮೇಳನಕ್ಕೆ ಬಂದವರ ಕೈಗೆ ಆಗಲೇ ಸಿಡಿಯಲ್ಲಿ ಸೇರಿದ್ದವು. ವಿದ್ಯಾರ್ಥಿಗಳು ಸಂಸ್ಥೆಗೆಂದೇ ಗುಟ್ಟಾಗಿ ಬರೆದುಕೊಟ್ಟಿದ್ದ ವರದಿಯನ್ನು ಸಂಸ್ಥೆಯೇ ದಾವೆಯ ಕಾಗದಗಳ ಜೊತೆ ಲಗತ್ತಿಸಿ ಬಹಿರಂಗ ಮಾಡಿತು. ಆಗಸ್ಟ್ 19ರಂದು ನ್ಯಾಯಾಲಯ ತಡೆಯಾಜ್ಞೆಯನ್ನು ತೆರವು ಮಾಡಿತು.

ಎಲ್ಲ ನ್ಯಾಯಾಲಯಗಳೂ ಒಂದೇ ರೀತಿ ಯೋಚಿಸಲಿಲ್ಲ. ನೈಮೇಗನ್ ತಂಡದಲ್ಲಿದ್ದ ಫ್ಲಾವಿಯೊ ಗಾರ್ಸಿಯಾ ಮುಂದೆ ಇಂಗ್ಲೆಂಡಿಗೆ ಹೋದರು. ಕಾರುಗಳ ಕೀಲಿಯೊಳಗೆ ಇರುವ, ಮುಟ್ಟದೆ ಗುರುತು ಹೇಳುವ ಚಿಪ್ಪನ್ನು ಪರೀಕ್ಷಿಸಿ ಅವರೂ ಸಂಗಡಿಗರೂ ಪ್ರಬಂಧ ಬರೆದಾಗ ಫೋಕ್ಸ್‌ವ್ಯಾಗನ್ ಕಂಪೆನಿ ದಾವೆ ಹೂಡಿತು. 2013ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಪ್ರಕಟಣೆಗೆ ತಡೆ ಕೊಟ್ಟಿತು. ಎರಡು ವರ್ಷಗಳ ಮೇಲೆ, 2015ರ ಆಗಸ್ಟ್‌ನಲ್ಲಿ, ಒಂದೇ ಒಂದು ವಾಕ್ಯವನ್ನು ಕೈಬಿಟ್ಟು ಆ ಪ್ರಬಂಧ ಹೊರಬಂತು. ಆ ಎರಡು ವರ್ಷವೂ ಕಾರಿನ ಮಾಲೀಕರು ತಮ್ಮ ಬೀಗ ಭದ್ರವಾಗಿದೆ ಎಂದೇ ನಂಬಿಕೊಂಡು ರಾತ್ರಿ ನಿದ್ದೆ ಮಾಡಿದರು.

ಬಯಲಿನಲ್ಲಿ ಮಾಡಿದ ಬೀಗ

ಮುಚ್ಚಿಟ್ಟ ಬೀಗಕ್ಕೆ ಎದುರಾಗಿ, ಎಲ್ಲರ ಕಣ್ಣೆದುರು ಮಾಡಿದ ಬೀಗವೂ ಒಂದುಂಟು. ಹೊಸ ಗೂಢಲಿಪಿ ಬೇಕೆಂದು ಅಮೆರಿಕದ ಮಾನಕ ಸಂಸ್ಥೆ 1997ರಲ್ಲಿ ಜಗತ್ತಿಗೆಲ್ಲ ಆಹ್ವಾನ ಕೊಟ್ಟಿತು. ಹದಿನೈದು ಪದ್ಧತಿಗಳು ಕಣಕ್ಕೆ ಬಂದವು. ನಾನಾ ದೇಶಗಳ ಗಣಿತಜ್ಞರು ಮೂರು ವರ್ಷ ಅವನ್ನು ಮುರಿಯಲು ಯತ್ನಿಸಿದರು. ಕೊನೆಗೆ ಗೆದ್ದದ್ದು ಯೋನ್ ದಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ಇಬ್ಬರು ಬೆಲ್ಜಿಯನ್ನರ ಪದ್ಧತಿ. 2001ರಲ್ಲಿ ಎಇಎಸ್ ಎಂಬ ಹೆಸರಿನಿಂದ ಅದು ಮಾನಕವಾಯಿತು. ಅದರ ಒಳಗುಟ್ಟು ಯಾವ ಗ್ರಂಥಾಲಯದಲ್ಲಾದರೂ ಸಿಗುತ್ತದೆ, ಕಾಲೇಜು ಹುಡುಗರು ಪಾಠವಾಗಿ ಓದುತ್ತಾರೆ. ಕೀಲಿಯ ಕನಿಷ್ಠ ಉದ್ದ 128 ಬಿಟ್, ಎಂದರೆ 39 ಅಂಕಿಗಳ ಸಂಖ್ಯೆಯಷ್ಟು ಸಾಧ್ಯತೆಗಳು. ಎಲ್ಲರಿಗೂ ಗೊತ್ತಿದ್ದೂ ಅದು ಇನ್ನೂ ಮುರಿದಿಲ್ಲ. 2008ರ ಪಾಠದ ಬಳಿಕ ಲಂಡನ್ನಿನ ಆಯಿಸ್ಟರ್ ಕಾರ್ಡು ಹಳೆಯ ಚಿಪ್ಪನ್ನು ಬಿಟ್ಟು ಇಂಥ ಬಹಿರಂಗ ಪದ್ಧತಿಗಳನ್ನು ಬಲ್ಲ ಚಿಪ್ಪಿಗೆ ಬದಲಾಯಿತು.

ಬ್ಯಾಂಕಿನ ಕಾರ್ಡುಗಳೂ ಬೈಸಿಕೊಂಡೇ ಬುದ್ಧಿ ಕಲಿತವು. 2006ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಜೊತೆಗಾರರೂ ಮೊದಲ ತಲೆಮಾರಿನ ಸುಮಾರು ಇಪ್ಪತ್ತು ಕಾರ್ಡುಗಳನ್ನು ಪರೀಕ್ಷಿಸಿದರು. ಅಂಚೆಯ ಲಕೋಟೆಯನ್ನು ಒಡೆಯದೆಯೇ ಒಳಗಿನ ಕಾರ್ಡಿನ ಒಡೆಯರ ಹೆಸರು, ಸಂಖ್ಯೆ, ಅವಧಿ ಮುಗಿಯುವ ದಿನ ಎಲ್ಲವನ್ನೂ ಓದಬಹುದೆಂದು ತೋರಿಸಿದರು. ಆ ಬಳಿಕ ಹೆಸರು ಹೇಳುವ ಪರಿಪಾಠ ನಿಂತಿತು. ಇಂದಿನ ಕಾರ್ಡು ಪ್ರತಿ ವ್ಯವಹಾರಕ್ಕೂ ತನ್ನೊಳಗಿನ ರಹಸ್ಯ ಕೀಲಿಯಿಂದ ಒಂದು ಹೊಸ ಸಂಕೇತವನ್ನು ಹೆಣೆದುಕೊಡುತ್ತದೆ. ಇಂದಿನ ಸಂಕೇತ ನಾಳೆ ನಡೆಯದು. ಪಕ್ಕದಲ್ಲಿ ನಿಂತು ಕದ್ದು ಕೇಳಿದವನಿಗೆ ಸಿಗುವುದು ಪ್ರಯಾಣ ಮುಗಿದ ಬಸ್ ಟಿಕೆಟ್ಟಿನಂಥದು. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಮೂರು ಅಂಕಿಗಳನ್ನು ಚಿಪ್ಪು ಹೊರಗೆ ಹೇಳುವುದಿಲ್ಲ.

ಒಂದು ಉಪಾಯ ಮಾತ್ರ ಗಣಿತಕ್ಕೆ ಬಗ್ಗದೆ ಉಳಿಯಿತು. ಒಬ್ಬ ಕಳ್ಳ ನಿಮ್ಮ ಪಕ್ಕದಲ್ಲಿ ನಿಲ್ಲುತ್ತಾನೆ, ಅವನ ಜೊತೆಗಾರ ದೂರದ ಅಂಗಡಿಯಲ್ಲಿರುತ್ತಾನೆ. ಅಂಗಡಿಯ ಯಂತ್ರ ಕೇಳುವ ಪ್ರಶ್ನೆಯನ್ನು ಜೊತೆಗಾರ ರೇಡಿಯೊ ಮೂಲಕ ಮೊದಲನೆಯವನಿಗೆ ದಾಟಿಸುತ್ತಾನೆ, ಅವನು ನಿಮ್ಮ ಕಾರ್ಡಿನಿಂದ ಉತ್ತರ ಪಡೆದು ಹಿಂದಿರುಗಿಸುತ್ತಾನೆ. ಯಾವ ಕೀಲಿಯನ್ನೂ ಮುರಿಯಬೇಕಿಲ್ಲ. 2005ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗೆರ್ಹಾರ್ಡ್ ಹಾಂಕೆ ಇಂಥದನ್ನು 50 ಮೀಟರ್ ಅಂತರದಲ್ಲಿ ಮಾಡಿ ತೋರಿಸಿದರು. ಇದಕ್ಕೆ ಮದ್ದನ್ನು 1993ರಷ್ಟು ಹಿಂದೆಯೇ ಸ್ಟೀಫನ್ ಬ್ರಾಂಡ್ಸ್ ಮತ್ತು ಡೇವಿಡ್ ಶಾಮ್ ಸೂಚಿಸಿದ್ದರು. ಉತ್ತರ ಸರಿಯಾಗಿದೆಯೇ ಎಂದಷ್ಟೇ ನೋಡದೆ ಎಷ್ಟು ಬೇಗ ಬಂತು ಎಂದೂ ಅಳೆಯಬೇಕು ಎಂಬುದು ಅವರ ಸಲಹೆ. ಬೆಳಕಿಗಿಂತ ವೇಗವಾಗಿ ಯಾವ ಕಳ್ಳನೂ ಓಡಲಾರ.

ನಮ್ಮ ಜೇಬಿನ ಮಾತು

ಓದುಗರು ಈಗ ಕೇಳಬಹುದು: ಇಷ್ಟೆಲ್ಲ ಸರಿ, ನಾವು ಏನು ಮಾಡಬೇಕು? ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು ಪಿನ್ ಕೇಳದೆ ನಡೆಯುವ ಇಂಥ ವ್ಯವಹಾರಕ್ಕೆ 2015ರಲ್ಲಿ 2,000 ರೂಪಾಯಿಯ ಮಿತಿ ಇಟ್ಟಿತು. 2021ರ ಜನವರಿ 1ರಿಂದ ಅದು 5,000 ರೂಪಾಯಿಗೆ ಏರಿತು. ಬೇಲಿ ಇಲ್ಲದಿದ್ದರೂ ಕದ್ದವನು ಹೊತ್ತುಕೊಂಡು ಹೋಗುವ ಮೂಟೆಯ ತೂಕಕ್ಕೆ ಒಂದು ಮಿತಿ, ಅಷ್ಟೆ. 2020ರ ಜನವರಿಯಲ್ಲಿ ಹೊರಡಿಸಿದ ಆದೇಶ ಇದಕ್ಕಿಂತ ಮಹತ್ವದ್ದು. ಮುಟ್ಟದೆ ಪಾವತಿಸುವ ಸೌಲಭ್ಯವನ್ನು ಬೇಕಾದಾಗ ತೆರೆಯುವ, ಬೇಡವಾದಾಗ ಮುಚ್ಚುವ, ಮಿತಿಯನ್ನು ತಗ್ಗಿಸುವ ಅಧಿಕಾರವನ್ನು ಅದು ಕಾರ್ಡಿನ ಒಡೆಯರಿಗೇ ಕೊಟ್ಟಿತು. ಬ್ಯಾಂಕಿನ ಆ್ಯಪಿನಲ್ಲೋ ಎಟಿಎಂನಲ್ಲೋ ಈ ಗುಂಡಿ ಸಿಗುತ್ತದೆ. ಮಾಸ್ಕೋದ ರಾಯಭಾರಿಯ ಕೈಯಲ್ಲಿ ಇಲ್ಲದಿದ್ದದ್ದು ಇಂಥ ಗುಂಡಿಯೇ.

ಅಂಗಡಿಗಳಲ್ಲಿ ಮಾರುವ ತಗಡಿನ ಲೇಪದ ಕಾರ್ಡು ಚೀಲ ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ? ಬರುತ್ತದೆ. 1836ರಲ್ಲಿ ಫ್ಯಾರಡೆ ಹನ್ನೆರಡು ಅಡಿಯ ಒಂದು ಚೌಕ ಕೋಣೆಯನ್ನು ಕಟ್ಟಿ, ಹೊರಮೈಗೆ ಲೋಹ ಹೊದಿಸಿ, ತಾನು ಒಳಗೆ ಕೂತು ಹೊರಗಿನಿಂದ ಪ್ರಬಲ ವಿದ್ಯುತ್ತು ಹರಿಸಲು ಹೇಳಿದ್ದ. ಒಳಗಿನ ಮಾಪಕಗಳು ಅಲುಗಲಿಲ್ಲ. ಅದೇ ವಿದ್ಯೆಯ ಪುಟ್ಟ ರೂಪ ಈ ಚೀಲ. ಕಾರ್ಡನ್ನು ಸುತ್ತುವರಿದ ಲೋಹದ ಹಾಳೆಯಲ್ಲಿ ಹುಟ್ಟುವ ವಿದ್ಯುತ್ತು ಹೊರಗಿನ ಅಲೆಯನ್ನು ಅಲ್ಲೇ ತಡೆಯುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಪೂರ್ತಿ ಸುತ್ತಿದರೂ ಫಲ ಅದೇ. ಆದರೆ ಈ ಚೀಲಕ್ಕೆ ಅದರದೇ ಮಿತಿ ಇದೆ. ಕಾರ್ಡೇ ಕಳೆದುಹೋದರೆ, ಫೋನ್ ಮಾಡಿ ಒಟಿಪಿ ಕೇಳಿದವನಿಗೆ ನಾವೇ ಹೇಳಿಬಿಟ್ಟರೆ, ಫ್ಯಾರಡೆಯ ಕೋಣೆಯಿಂದಲೂ ರಕ್ಷಣೆಯಿಲ್ಲ.

ಹಣ ಹೋದರೆ ತಡಮಾಡದೆ ಬ್ಯಾಂಕಿಗೆ ತಿಳಿಸುವುದು ಮುಖ್ಯ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಪ್ರಕರಣಗಳಲ್ಲಿ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಆದೇಶ ಹೇಳಿತು. ಇದನ್ನು ಮೊಬೈಲಿಗೆ ಬರುವ ಸಂದೇಶಗಳನ್ನು ಓದದೆ ಅಳಿಸುವವರು ನೆನಪಿಡಬೇಕು.

ಬ್ಯಾಂಕಿನ ಕಾರ್ಡಿಗಿಂತ ಹೆಚ್ಚು ಯೋಚಿಸಬೇಕಾದದ್ದು ಕೊರಳಿನ ಕಾರ್ಡಿನ ಬಗ್ಗೆ. ಅದಕ್ಕೆ ರಿಸರ್ವ್ ಬ್ಯಾಂಕಿನಂಥ ಕಾವಲುಗಾರ ಇಲ್ಲ. ಹಳೆಯ ಮೈಫೇರ್ ಬೀಗ ಮುರಿದು ಹದಿನಾರು ವರ್ಷವಾದ ಮೇಲೆ, 2024ರ ಮಾರ್ಚ್‌ನಲ್ಲಿ, ಜಗತ್ತಿನ 131 ದೇಶಗಳ ಹೋಟೆಲುಗಳಲ್ಲಿರುವ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳ ಬೀಗ ಪದ್ಧತಿಯಲ್ಲಿ ದೋಷವಿದೆಯೆಂದು ಸಂಶೋಧಕರು ಪ್ರಕಟಿಸಿದರು. ಅಲ್ಲಿಯೂ ಬಳಕೆಯಲ್ಲಿದ್ದದ್ದು ಅದೇ ಹಳೆಯ ಚಿಪ್ಪು. ತಯಾರಕರಿಗೆ ಅವರು 2022ರಲ್ಲೇ ತಿಳಿಸಿದ್ದರು. ಒಂದೊಂದು ಬಾಗಿಲಿಗೂ ಹೋಗಿ ದುರಸ್ತಿ ಮಾಡಬೇಕಾದುದರಿಂದ ಕೆಲಸ ನಿಧಾನವಾಗಿತ್ತು. ಅಗ್ಗದ ಬೀಗ ಒಮ್ಮೆ ಗೋಡೆ ಹತ್ತಿದರೆ ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಕಚೇರಿಯಲ್ಲೋ ಅಪಾರ್ಟ್‌ಮೆಂಟಿನ ಸಂಘದಲ್ಲೋ ಹೊಸ ಕಾರ್ಡು ಬೀಗ ಹಾಕಿಸುವ ಮಾತು ಬಂದಾಗ ಮಾರಾಟಗಾರನಿಗೆ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: ಈ ಕಾರ್ಡು ತನ್ನ ಸಂಖ್ಯೆಯನ್ನಷ್ಟೇ ಹೇಳುತ್ತದೆಯೋ, ಇಲ್ಲ ಗೂಢಲಿಪಿಯಲ್ಲಿ ಉತ್ತರಿಸುತ್ತದೆಯೋ? ಉತ್ತರಿಸುವುದಾದರೆ ಯಾವ ಪದ್ಧತಿಯಲ್ಲಿ? "ಅದು ನಮ್ಮ ಕಂಪೆನಿಯ ಗುಟ್ಟು ಸಾರ್" ಎಂಬ ಮಾತು ಬಂದರೆ ಅದನ್ನು ಭರವಸೆ ಎಂದುಕೊಳ್ಳಬೇಡಿ. ಅನುಮಾನ ಪಡಲು ಅದೇ ಸಕಾರಣ.

ಇಷ್ಟು ವರ್ಷಗಳ ಈ ಕಥೆಯಲ್ಲಿ ಬೀಗ ತೆರೆದು ತೋರಿಸಿದವರನ್ನು ಮೊದಲು ಬೈದವರೇ ಹೆಚ್ಚು. ಹಾಬ್ಸನಿಗೆ ಬೈಗುಳ, ನೈಮೇಗನ್ ತಂಡಕ್ಕೆ ದಾವೆ, ಬಾಸ್ಟನ್ನಿನ ಹುಡುಗರಿಗೆ ತಡೆಯಾಜ್ಞೆ. ಆದರೆ ಇಂದು ನಮ್ಮ ಪರ್ಸಿನೊಳಗಿನ ಕಾರ್ಡು ಹಳೆಯದಕ್ಕಿಂತ ಗಟ್ಟಿಯಾಗಿದ್ದರೆ ಅದು ಅವರ ಋಣ. ಹಾಬ್ಸ್ ತೆರೆದ ಬ್ರಾಮಾ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಸೋತದ್ದಕ್ಕಾಗಿ ಅದನ್ನು ಯಾರೂ ಹೀಗಳೆಯುವುದಿಲ್ಲ. ಅರವತ್ತು ವರ್ಷ ಅದು ಬೀದಿಗೆ ಮುಖ ಮಾಡಿಕೊಂಡು, ಬಂದವರೆಲ್ಲ ಪರೀಕ್ಷಿಸಲಿ ಎಂದು ಕಾದಿತ್ತು.